ತಡ್ಪೆ

ಹಂಚಿನ ಕಾರ್ಖಾನೆ ಕೊನೆಯ ಸಲ ಕೂಗಿದ ಮರುದಿನದಿಂದ
ಜೆಪ್ಪುವಿನ ನಮ್ಮ ಮನೆಯಲ್ಲಿ
ಹಗಲಿಗೂ ಕದ ಹಾಕುವುದು ಶುರುವಾಯಿತು.

ಒಳಗೆ ಅಪ್ಪ,
ಮಡಿಲಲ್ಲಿ ಅಮ್ಮನ ತಡ್ಪೆ.
ಆವೆಮಣ್ಣು ಮಿದ್ದ ಬೆರಳಿಗೆ
ಒದ್ದೆ ಎಲೆ ಮೊದಮೊದಲು ಹರಿಯುತ್ತಿತ್ತು.
"ಮೆಲ್ಲ, ಮಗುವಿನ ಕಿವಿ ಹಿಡಿದ ಹಾಗೆ"
ಎನ್ನುತ್ತಿದ್ದಳು ಅಮ್ಮ.

ಅಂಗಳದಲ್ಲಿ ಚಪ್ಪಲಿ ಸದ್ದಾದರೆ
ತಡ್ಪೆ ಅಮ್ಮನ ಮಡಿಲಿಗೆ,
ಪೇಪರು ಅಪ್ಪನ ಕೈಗೆ.
ಒಮ್ಮೆ ತಲೆಕೆಳಗಾಗಿಯೇ ಓದಿದರು.
ಅಂಗಿಯ ಮೇಲಿನ ಹೊಗೆಸೊಪ್ಪಿನ ಪುಡಿ
ಬಂದ ಕೊರಗಪ್ಪಣ್ಣ ಕಂಡರು,
ಏನೂ ಅನ್ನಲಿಲ್ಲ.
ಅವರ ಉಗುರೂ ಹಳದಿ.

ಶನಿವಾರ ಬ್ರಾಂಚಿನ ಚೆಕ್ಕರ್ ಕಟ್ಟು ತಿರುಗಿಸಿ ನೋಡಿ
"ಬಾಯಿ ಮಡಚುವುದೆಂದರೆ ನಿಮ್ಮದು, ವಾರಿಜಕ್ಕ" ಎಂದ.
ಅಮ್ಮ ನಕ್ಕಳು.
ದಾರಿಯುದ್ದ ಮಾತಿಲ್ಲ.
ದುಬಾರಿಯಾದರೂ ನಂಗ್ ಮೀನು ಕೊಂಡಳು,
ಅದು ಅಪ್ಪನಿಗೆ ಇಷ್ಟ.

ನನ್ನ ಕಿವಿಯ ಬೆಂಡೋಲೆ ಅಮ್ಮನ ಪಿ.ಎಫ್. ದುಡ್ಡಿನದು
ಎಂದೇ ಗಂಡನ ಮನೆಯಲ್ಲಿ ಹೇಳಿದ್ದೇನೆ.
ಪುಸ್ತಕದಲ್ಲಿರುವುದು ಅವಳದೇ ಸಹಿ.
ಅಪ್ಪನ ಬಗ್ಗೆ ಕೇಳಿದರೆ
"ಕಾರ್ಖಾನೆಯಲ್ಲಿದ್ದರು."

ಅಪ್ಪ ಹೋದ ದಿನ, ಮೀಯಿಸುವಾಗ,
ಯಾರೋ ಲಿಂಬೆಹುಳಿ ತಂದು ಅವರ ಹೆಬ್ಬೆರಳು ಉಜ್ಜತೊಡಗಿದರು.
"ಇರಲಿ" ಎಂದಳು ಅಮ್ಮ.
ಆ ಕೈಯನ್ನು
ಬಿಳಿಬಟ್ಟೆಯ ಹೊರಗೇ ಇಟ್ಟಳು.