ಎಂಟೂವರೆ ಗುಂಟೆ

ಕಾರವಾರದಿಂದ ಬಂದವರು ಮೂವರು. ಬೂಟು ಕೈಯಲ್ಲಿ,
ಪ್ಯಾಂಟು ಮೊಣಕಾಲಿಗೆ. ನನ್ನ ಪಾತಿದೋಣಿಯಲ್ಲಿ
ಉಸಿರು ಬಿಗಿಹಿಡಿದೇ ಕೂತರು.
"ದಾಟಿಸಲು ಎಷ್ಟು?" "ಹತ್ತು ರೂಪಾಯಿ."
"ಮುಂದೆ ಇದಕ್ಕೇ ಇನ್ನೂರು ಕೇಳಬಹುದು ನೀನು,"
ಎಂದ ಟೋಪಿಯವ, ನನ್ನ ಪರವಾಗಿ ಖುಷಿಪಟ್ಟು.

ಕುರ್ವೆಯಲ್ಲಿ ಮನೆ ಹದಿನಾಲ್ಕು. ಸಿಹಿನೀರ ಬಾವಿ ಒಂದು,
ಅದೂ ಮಾರ್ಚಿನ ತನಕ.
ಇದನ್ನವರು ಬರೆದುಕೊಳ್ಳಲಿಲ್ಲ.
ಬರೆದದ್ದು: ತೆಂಗು, ಸೂರ್ಯಾಸ್ತ, ನಿಶ್ಶಬ್ದ.

ಬೀರಮ್ಮತ್ತೆಯ ಜಾಗಕ್ಕೆ ಟೇಪು ಹಿಡಿದರು.
ಎಂಟೂವರೆ ಗುಂಟೆ.
ಬಳಚಿನ ಬುಟ್ಟಿ ಸೊಂಟದಿಂದಿಳಿಸಿ ಅವಳೆಂದಳು:
"ಇದು ಅಷ್ಟಮಿಯ ಅಳತೆ. ಅಮಾಸೆಯ ಭರತಕ್ಕೆ ಬನ್ನಿ,
ಆರಾಗಿರ್ತದೆ. ಉಳಿದ ಎರಡೂವರೆಗೆ
ಹೊಳೆಯ ಸಹಿ ಬೇಕು."

ನಕ್ಕರು. ಪಹಣಿ ಬಿಡಿಸಿದರು. ಒಂಬತ್ತು ಹೆಸರು,
ಏಳು ಸಹಿ ಆಗಿದೆ. ಎಂಟನೆಯವ ವಾಸ್ಕೋದಲ್ಲಿ,
ಫೋನಿನಲ್ಲಿ ಒಪ್ಪಿದ್ದಾನೆ.
"ಈ ಗಣಪು ಯಾರು?"

ಅತ್ತೆ ಅಳಿವೆಯ ಕಡೆ ಗದ್ದ ಎತ್ತಿದಳು.
ಆ ವರ್ಷ ಬಲೆ ಸಿಕ್ಕಿತ್ತು, ಗಂಡ ಸಿಕ್ಕಿರಲಿಲ್ಲ.
ಹೆಣವಿಲ್ಲದೆ ಮರಣಪತ್ರ ಕೊಡಲೊಲ್ಲರು ಪಂಚಾಯ್ತಿಯವರು;
ಹಾಗಾಗಿ ಕಾಗದದಲ್ಲಿ ಅವನಿನ್ನೂ ಪಾಲುದಾರ,
ಇಪ್ಪತ್ತೆರಡು ವರ್ಷದಿಂದ ಮನೆಗೆ ಬಾರದವ.

ಮರಳುವಾಗ ಮಾತಿಲ್ಲ. ಟೋಪಿಯವ
ನೀರಿಗೆ ಬೆರಳದ್ದಿ, ನೆಕ್ಕಿ, "ಉಪ್ಪು" ಅಂದ,
ತಾನೇ ಕಂಡುಹಿಡಿದಂತೆ.

ನಾನೂ ಲೆಕ್ಕ ಹಾಕುತ್ತಿದ್ದೆ, ಸುಳ್ಳೇಕೆ:
ದಿನಕ್ಕೆ ಹತ್ತು ಸಲ, ತಲೆಗೆ ಇನ್ನೂರರಂತೆ,
ಮಳೆಗಾಲ ಬಿಟ್ಟು...
ಹುಟ್ಟು ಕೆಸರಿಗೆ ತಗುಲಿ ನಿಂತಿತು.
ಇಳಿತ ಶುರುವಾದದ್ದು
ನೋಡಿರಲೇ ಇಲ್ಲ ನಾನು.