ಚಿಲ್ಲರೆ ಇಲ್ಲ

ಶ್ರೀರಂಗಪಟ್ಟಣದ ಟಂಕಸಾಲೆ ಬಾಗಿಲಲ್ಲಿ
ಟಿಕೇಟು ಹರಿಯುವವ ನಾನು.
ಬೆನ್ನ ಹಿಂದೆ ನಾನೇ ಬರೆದು ಅಂಟಿಸಿದ ರಟ್ಟು:
"ಚಿಲ್ಲರೆ ಇಲ್ಲ. ಸರಿಯಾದ ಹಣ ಕೊಡಿ."

ಸೀಮೆಗೆಲ್ಲ ಚಿಲ್ಲರೆ ಹಂಚಿದ ಮನೆ ಇದು.

ಒಳಗೆ ಗಾಜಿನಡಿ ಒಂದು ಉಕ್ಕಿನಚ್ಚು:
ಬಲಕ್ಕೆ ಮುಖಮಾಡಿದ ಆನೆ, ಒಳಕ್ಕೆ ತೋಡಿದ್ದು.
ಪಕ್ಕದ ಕಾಸಿನಲ್ಲಿ ಅದೇ ಆನೆ ಎಡಕ್ಕೆ ನಡೆಯುತ್ತದೆ.
ಕೊರೆದವನ ಹೆಸರು ಫಲಕದಲ್ಲಿಲ್ಲ.
ಮಂಚಾಚಾರಿ ಎಂದುಕೊಂಡಿದ್ದೇನೆ, ನನ್ನಷ್ಟಕ್ಕೆ.
ದಿನವಿಡೀ ತಿರುಗುಮುರುಗು ಕೊರೆದು
ಸಂಜೆ ಎಡಗಡೆಯ ತಂಬಿಗೆಗೆ ಬಲಕ್ಕೆ ಕೈಚಾಚಿ
ಬೈಸಿಕೊಂಡಿರಬೇಕು ಹೆಂಡತಿಯಿಂದ.

ಆಗ ಹೊರಗೆ ಹೋಗುವವರನ್ನು ತಡಕುತ್ತಿದ್ದರಂತೆ:
ಜುಟ್ಟು ಬಿಚ್ಚಿಸಿ, ಬಾಯಿ ತೆರೆಸಿ,
ಬಾನಿಯಲ್ಲಿ ಕೈ ತೊಳೆಸಿ,
ಆ ನೀರಿನ ಗಸಿಯನ್ನೂ ಜಾಲಿಸಿ ತಾಮ್ರ ತೆಗೆಯುತ್ತಿದ್ದರಂತೆ.
ಈಗ ಒಳಗೆ ಬರುವವರ ಚೀಲ ನೋಡುತ್ತೇವೆ.
ನೀರಿನ ಬಾಟಲಿ, ಸೌತೇಕಾಯಿ,
ಒಮ್ಮೆ ಒಂದು ಬೆಕ್ಕಿನ ಮರಿ.

ನಡುವೆ ಕೋಟೆ ಬಿತ್ತು.
ಇಲ್ಲಿ ಮದ್ದು ಇಟ್ಟರು, ಆಮೇಲೆ ರಾಗಿ,
ಆಮೇಲೆ ಬರೀ ಬಾವಲಿ.
ಸುಣ್ಣ ಕೆರೆದಾಗ ಸಿಕ್ಕ ಕುಲುಮೆಯ ಮಸಿಗೂ
ಗಾಜು ಮುಚ್ಚಿದ್ದಾರೆ.

ಚಿನಿವಾರ ಕಣ್ಣನ್ನು ನಂಬುತ್ತಿರಲಿಲ್ಲ,
ಕಲ್ಲ ಮೇಲೆ ಎಸೆದು ಕಿವಿಗೊಡುತ್ತಿದ್ದ:
ಅಪ್ಪಟದ್ದು ಹಾಡುತ್ತದೆ, ಖೋಟಾ ಕೆಮ್ಮುತ್ತದೆ.
ಈಗ ಮೊಬೈಲು ತೋರಿಸಿ ದಾಟುತ್ತಾರೆ;
"ಇಪ್ಪತ್ತು ರೂಪಾಯಿ ಬಂದಿದೆ" ಎನ್ನುತ್ತಾಳೆ
ಡಬ್ಬಿಯೊಳಗಿನ ಹೆಂಗಸು.
ಅವಳಿಗೆ ಹಾಡೂ ಇಲ್ಲ, ಕೆಮ್ಮೂ ಇಲ್ಲ.

ಹೋದ ಮಂಗಳವಾರ ಗಣಂಗೂರಿನ ಸ್ಕೂಲು ಹುಡುಗಿ,
ಮುಷ್ಟಿ ಸಡಿಲಿ ಒಂದು ರೂಪಾಯಿ ಬಿತ್ತು.
ಠಣ್.
ಕಮಾನಿನಿಂದ ಕಮಾನಿಗೆ ಹೋಯಿತು ಸದ್ದು,
ಯಾರದೋ ಮರೆತ ಹೆಸರು ಹಿಡಿದು ಕೂಗಿದಂತೆ.
ನಾಣ್ಯ ಉರುಳಿ ಅಚ್ಚಿನ ಪೆಟ್ಟಿಗೆಯಡಿ ಸೇರಿತು.

ಅವಳಿಗೆ ನನ್ನ ಜೇಬಿನದು ಕೊಟ್ಟೆ.
ಅಲ್ಲಿ ಇನ್ನೂ ಗುಡಿಸಿಲ್ಲ.