ಮೂರನೇ ಕರಡು

ಎಂಟುನೂರು ಲಗ್ನಪತ್ರಿಕೆ ರದ್ದಿಗೆ ಹೋದ ಮರುದಿನ
ಬಾಕಳೆ ಮಾಲಕರು ನನ್ನ ಮ್ಯಾಲೆ ಕರೆದರು:
"ಇಂದೂಬಾಯಿ, ನೀವು ಅಕ್ಷರಾ ತಿದ್ದೋರು.
ಈ ಪ್ರೆಸ್ಸಿನಾಗ ಯಾರು, ಯಾರಿಗೆ, ಏನು, ಎಲ್ಲಿ ಹೇಳಬೇಕು,
ಅದನ್ನೂ ಒಂದಿಷ್ಟು ತಿದ್ದಿಕೊಡ್ರಿ.
ಸೋಮವಾರದೊಳಗ ಪ್ಲ್ಯಾನ್ ಬೇಕು."

ತಪ್ಪು ಇಷ್ಟ: ಅಕ್ಷತಾ ಹದಿನಾರಕ್ಕಲ್ಲ, ಹದಿನೇಳಕ್ಕ.
ಹುಡುಗಿಯ ಸೋದರಮಾವ ಮುಂಡರಗಿಯಿಂದ ಫೋನ್ ಮಾಡಿ ಹೇಳಿದ್ದ.
ಡಿಸೈನಿನ ಸ್ನೇಹಲತಾ 'ಅರ್ಜೆಂಟ್' ಗ್ರೂಪಿಗೆ ಹಾಕಿದ್ದಳು.
ದಾವಲಸಾಬ ನೋಡೋದು 'ಮಷಿನ್' ಗ್ರೂಪು ಮಾತ್ರ,
ಅದೂ ಕೈಯ ಶಾಯಿ ಚಿಮಣಿ ಎಣ್ಣಿಲೆ ತೊಳಕೊಂಡ ಮ್ಯಾಲೆ.
ನಾನು ಅವತ್ತು ರಜಾ.

ಎಣಿಸಿದೆ. ಹದಿನಾಲ್ಕು ಮಂದಿಗೆ ಹನ್ನೊಂದು ಗ್ರೂಪು.
ಒಂದರಾಗ ಬರೇ ಶುಭೋದಯ, ಗುಲಾಬಿ ಹೂ.
ಒಂದರಾಗ ಕೆಲಸ ಬಿಟ್ಟು ಹೋದ ಇಬ್ಬರು ಇನ್ನೂ ಅದಾರ,
ನಮ್ಮ ರೇಟು ನಮಗಿಂತ ಮೊದಲ ಅವರಿಗೆ ಗೊತ್ತು.
ಬಾಗಿಲ ಬಾಜೂಕಿನ ಕರೀ ಹಲಗಿಮ್ಯಾಲೆ
ಹೋದ ವರ್ಷದ ಕ್ಯಾಲೆಂಡರ್ ಆರ್ಡರು ಅಳಿಸದ ಕುಂತದ.
ಖಡು ಎಲ್ಲದ ಅಂದರ ಯಾರಿಗೂ ಗೊತ್ತಿಲ್ಲ.

ಮೊದಲನೇ ಕರಡು ಹುಬ್ಬಳ್ಳಿಯಿಂದ ಬಂದ ಹುಡುಗನದು.
ಪರದೆ ಮ್ಯಾಲೆ ಬಾಣ, ಬಾಣದ ತುದಿಗೆ ಮತ್ತೊಂದು ಬಾಣ,
ತಿಂಗಳಿಗೆ ತಲೆಗೆ ಇನ್ನೂರಾ ನಲವತ್ತು ರೂಪಾಯಿ.
"ಎಲ್ಲಾ ಒಂದ ಕಡೆ ಸಿಗತಾವ್ರಿ" ಅಂದ,
ಅಷ್ಟರಾಗ ಕೆಳಗ ಆಫ್‌ಸೆಟ್ ಚಾಲೂ ಆತು.
ಮುಂದ ಅವನ ತುಟಿ ಆಡಿದ್ದಷ್ಟ ಕಂಡಿತು.

ಎರಡನೇದು ನಂದು.
ಹನ್ನೊಂದನ್ನ ಮೂರಕ್ಕ ಇಳಿಸಿದ್ದೆ.
ತಾರೀಖು, ಹೆಸರು, ಮುಹೂರ್ತ ಬದಲಾದರ
ಕಾಗದದ ಮ್ಯಾಲೆ, ಸಹಿ ಸಮೇತ.
ಅಲ್ಪವಿರಾಮ ಸುದ್ದಾ ಹೊಂದಿ ಕುಂತಿದ್ದವು.
ಹೆಮ್ಮಿಲೆ ಬೈಂಡಿಂಗ್ ಖೋಲಿಗೆ ಒಯ್ದು ಓದಿದೆ.

ಮೈದಾ ಅಂಟಿನ ವಾಸನಿ. ಮಡಚೋ ಕೈ ನಿಲ್ಲಲಿಲ್ಲ.
ಕಲ್ಲವ್ವ ತಲಿ ಎತ್ತದನ ಕೇಳಿದಳು:
"ಅಕ್ಕಾರ, ಕೆಂಪು ಚೀಟಿ ಎಲ್ಲಿ ಬರದೀರಿ ಇದರಾಗ?"

ಯಾವ ಕೆಂಪು ಚೀಟಿ?

ಕಟಿಂಗಿನಾಗ ಉಳಿದ ಕೆಂಪು ಅಂಚು, ಬೆರಳಗಲ.
ಕಟ್ಟಿನಾಗ ಸಿಗಿಸಿದರ, ಏನೋ ಸಂಶೆ ಐತಿ,
ಮುಂದ ಕಳಸಬ್ಯಾಡ್ರಿ ಅಂತ ಅರ್ಥ.
ಆರು ವರ್ಷದಿಂದ ನಡದದ.
ಆ ಎಂಟುನೂರಕ್ಕೂ ಸಿಗಿಸಿದ್ದರಂತ.
"ಶುಕ್ರವಾರ ಅಂತಿತ್ರಿ, ಪಕ್ಕದಾಗ ಹದಿನಾರು.
ಶುಕ್ರವಾರ ಹದಿನೇಳು ನಮ್ಮ ಸಂಘದ ಕಂತು.
ಅದು ನನಗ ತಪ್ಪತೈತೇನ್ರಿ?"
ಡೆಲಿವರಿ ಹುಡುಗ ಕಸ ಅಂತ ಕಿತ್ತು ಒಗದು
ಕಟ್ಟು ಆಟೋಕ್ಕ ಹೇರಿದ್ದ.

ನಾನು ಕಾಗದದ ರೀಮಿನ ಮ್ಯಾಲೆ ಕುಂತೆ.
ಮುವ್ವತ್ತೆರಡು ವರ್ಷ
ಪುಟದ ಅಂಚಿನಾಗ ಗುರುತು ಹಾಕಿ ಉಂಡವಳು ನಾನು.

ದಾವಲಸಾಬ ಅರಿವಿಗೆ ಕೈ ಒರಸಕೋತ ಬಂದು ನಿಂತ.
"ಓದೇನಿ ಅಂದರ ಫೋನಿನಾಗ ನೀಲಿ ಗೀಟು ಬರತಾವು,
ತಿಳೀಲಿಲ್ಲ ಅನ್ನಾಕ ಯಾವ ಬಣ್ಣ ಇಟ್ಟಾರ್ರಿ?"
ಯಾರೂ ನಗಲಿಲ್ಲ. ಅವನೂ ನಗಸಾಕ ಕೇಳಿದ್ದಲ್ಲ.

ಮೂರನೇ ಕರಡು ಅರ್ಧ ಪುಟ.
ಮಾಲಕರು ಚಷ್ಮಾ ಏರಿಸಿ "ಇಷ್ಟ ಏನ್ರಿ?" ಅಂದರು.
ಇಷ್ಟ. ಗ್ರೂಪು ಎರಡು.
ಹಲಗಿಗೆ ಹೊಸ ಖಡು, ದಾರಕ್ಕ ಕಟ್ಟಿದ್ದು.
ಕೆಂಪು ಚೀಟಿ ಕಂಡರ ಕೆಲಸ ನಿಲ್ಲಬೇಕು,
ಯಾರು ಸಿಗಿಸಿದರೂ.
ಯಾಕ ಅಂತ ಆಮ್ಯಾಲೆ ಕೇಳೋದು.

ಅವರು ಪೆನ್ನು ತಗದು
'ಯಾರು ಸಿಗಿಸಿದರೂ' ಅನ್ನೋದರ ಮ್ಯಾಲೆ ಗೀಟು ಎಳದರು.
"ಹಂಗಂದರ ಮಷಿನ್ ಓಡೋದು ಯಾವಾಗ್ರಿ?"

ನಮ್ಮ ಕಸಬಿನಾಗ ಅದಕ್ಕೊಂದು ಗುರುತು ಅದ:
ಹೊಡದ ಮಾತಿನ ಕೆಳಗ ಸಾಲಾಗಿ ಚುಕ್ಕಿ ಇಟ್ಟು
ಅಂಚಿನಾಗ 'ಇರಲಿ' ಅಂತ ಬರೆಯೋದು.
ಅವರ ಪೆನ್ನ ಇಸಕೊಂಡು
ಏಳು ಚುಕ್ಕಿ ಇಟ್ಟೆ.

ಹಾಳಿ ಇನ್ನೂ ಅವರ ಟೇಬಲ್ ಮ್ಯಾಲೇ ಅದ.
ಸಹಿ ಆಗಿಲ್ಲ.
ಕೆಳಗ ಮಷಿನ್ ಓಡತದ.